ಅಪ್ಪಯ್ಯ ಪೆನ್ಸಿಲಿನಲ್ಲಿ ಬರೆದಿಟ್ಟ ಒಂದು ಸಾಲು: ಮೃತ್ಯುಪತ್ರದ ಬಗ್ಗೆ ನಿಮ್ಮ ಅನುಭವ ಹೇಳಿ

ಹುಲೇಕಲ್ ತೋಟಿಗ

ಅಪ್ಪಯ್ಯ ತೀರಿಕೊಂಡು ಬರುವ ಆಷಾಢಕ್ಕೆ ಎರಡು ವರ್ಷವಾಗುತ್ತದೆ. ಹದಿಮೂರನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಟ್ಟದಲ್ಲಿದ್ದ ಅವರ ತಗಡಿನ ಟ್ರಂಕನ್ನು ಇಳಿಸಿ ಜಗುಲಿಯಲ್ಲಿ ತೆರೆದೆವು. ಸಣಬಿನ ದಾರದಲ್ಲಿ ಕಟ್ಟಿಟ್ಟ ಕಂದಾಯದ ರಸೀದಿಗಳು, ಸೊಸೈಟಿಯ ಪಾಸ್‌ಬುಕ್, ನಾವೈವರ ಜಾತಕ, 1986ರಲ್ಲಿ ಏಲಕ್ಕಿ ಮಾರಿದ ಹಣದಿಂದ ಕೊಂಡ ಮೇಲಿನ ತೋಟದ ಕ್ರಯಪತ್ರ. ಎಲ್ಲದರ ಅಡಿಯಲ್ಲಿ ಅಡಿಕೆ ಕೊನೆಕೊಯ್ಲಿನ ಲೆಕ್ಕದ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ, ಚಾಲಿ ಎಷ್ಟು, ಕೆಂಪಡಿಕೆ ಎಷ್ಟು ಎಂಬ ಲೆಕ್ಕದ ಕೆಳಗೆ, ಪೆನ್ಸಿಲಿನಲ್ಲಿ ಒಂದು ಸಾಲು: "ಮೇಲಿನ ತೋಟ ದೊಡ್ಡ ಕೂಸಿಗೆ."

ದೊಡ್ಡ ಕೂಸು ಎಂದರೆ ನನ್ನ ಅಕ್ಕ. ಈಗ ಐವತ್ತಾರು ವರ್ಷ, ಮದುವೆಯಾಗಲಿಲ್ಲ. ನಾನು ಓದಲು ಧಾರವಾಡಕ್ಕೆ ಹೋದಾಗ, ತಮ್ಮ ನೌಕರಿಗೆ ಬೆಂಗಳೂರು ಸೇರಿದಾಗ, ತಂಗಿಯರಿಬ್ಬರು ಗಂಡನ ಮನೆಗೆ ಹೋದಾಗ ಮನೆಯಲ್ಲಿ ಉಳಿದವಳು ಅವಳೊಬ್ಬಳೇ. ಕೊಟ್ಟಿಗೆ, ದರಕು, ಅಡಿಕೆ ಸುಲಿಸುವುದು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಹೇಳಿಕಳಿಸುವುದು, ಆಯಿಯ ಮಂಡಿನೋವು, ಅಪ್ಪಯ್ಯ ಹಾಸಿಗೆ ಹಿಡಿದ ಕೊನೆಯ ಎಂಟು ತಿಂಗಳು, ಎಲ್ಲವೂ ಅವಳ ಕೈಯಲ್ಲೇ ನಡೆದವು. ಮೇಲಿನ ತೋಟ ಅವಳಿಗೆ ಎಂದು ಅಪ್ಪಯ್ಯ ಎಲೆಅಡಿಕೆಯ ಹರಿವಾಣ ಮುಂದಿಟ್ಟುಕೊಂಡು ಎಷ್ಟೋ ಸಲ ನಮ್ಮೆದುರೇ ಹೇಳಿದ್ದರು. ಆದರೆ ಬರೆದದ್ದು ಇಷ್ಟೇ. ಸಹಿ ಇಲ್ಲ, ತಾರೀಖಿಲ್ಲ, ಸಾಕ್ಷಿ ಇಲ್ಲ.

ಈಗ ಪಹಣಿಯಲ್ಲಿ ಆರು ಹೆಸರುಗಳಿವೆ: ಆಯಿ ಮತ್ತು ನಾವೈವರು. ತಮ್ಮನಿಗೆ ಬೆಂಗಳೂರಿನ ಮನೆಯ ಸಾಲ ತೀರಿಸಬೇಕಾಗಿದೆ, ಮೇಲಿನ ತೋಟವನ್ನು ಮಾರೋಣ ಎನ್ನುತ್ತಾನೆ. ಅವನು ಕೆಟ್ಟವನಲ್ಲ. ಕಾನೂನು ಆರರಲ್ಲಿ ಒಂದು ಪಾಲು ಕೊಟ್ಟಿದೆ, ಕೇಳುತ್ತಾನೆ. ಅಕ್ಕ ಏನೂ ಹೇಳುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಮಾತು ಬಂದಾಗ ಮಾತ್ರ, "ಯಾರ ತೋಟವೆಂದು ಮೊದಲು ತೀರ್ಮಾನವಾಗಲಿ, ಆಮೇಲೆ ಹೊಡೆಸೋಣ" ಎಂದಳು. ಮೂವತ್ತು ವರ್ಷ ಆ ತೋಟಕ್ಕೆ ಮಣ್ಣು, ಗೊಬ್ಬರ ಹೊತ್ತವಳ ಬಾಯಿಂದ ಆ ಮಾತು ಕೇಳಿದ ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಅಪ್ಪಯ್ಯ ಗಟ್ಟಿಯಾಗಿದ್ದಾಗ ಒಮ್ಮೆ ಮೃತ್ಯುಪತ್ರದ ಮಾತೆತ್ತಿದ್ದೆ. "ದೀಪ ಹಚ್ಚುವ ಹೊತ್ತಿಗೆ ಎಂಥ ಮಾತು" ಎಂದು ಆಯಿ ತಡೆದಳು. ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ? ಈಗ ನಮಗಿರುವ ದಾರಿ ಯಾವುದು? ತಿಳಿದವರು ಹೇಳಿ.

ಕುಮಟಾ ವಕೀಲ

ಹುಲೇಕಲ್‌ನವರೇ, ನಿಮ್ಮ ತಂದೆಯವರ ಮನಸ್ಸು ಆ ಸಾಲಿನಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ನ್ಯಾಯಾಲಯ ಅದನ್ನು ಮೃತ್ಯುಪತ್ರವೆಂದು ಒಪ್ಪುವುದಿಲ್ಲ. ಪೆನ್ಸಿಲಿನಲ್ಲಿ ಬರೆದದ್ದು ಅದಕ್ಕೆ ಕಾರಣವಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಕಲಂ 63 ಕೇಳುವುದು ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು. ಅವರು ಸಹಿ ಮಾಡಿದ್ದನ್ನು ಪ್ರತಿ ಸಾಕ್ಷಿಯೂ ಕಣ್ಣಾರೆ ಕಂಡಿರಬೇಕು, ಇಲ್ಲವೇ ಇದು ನನ್ನ ಸಹಿ ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರೆದುರಿಗೇ ತಾನೂ ಸಹಿ ಹಾಕಬೇಕು. ಇಷ್ಟಾದರೆ ಬಿಳಿ ಹಾಳೆಯೇ ಸಾಕು. ಛಾಪಾ ಕಾಗದ ಬೇಡ, ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ನಿಮ್ಮ ತಂದೆಯವರು ಅದೇ ಜಗುಲಿಯಲ್ಲಿ, ಅದೇ ಪುಸ್ತಕದಲ್ಲಿ, ಪಕ್ಕದ ಮನೆಯ ಇಬ್ಬರನ್ನು ಕರೆದು ಹತ್ತು ನಿಮಿಷದಲ್ಲಿ ಮುಗಿಸಬಹುದಾಗಿದ್ದ ಕೆಲಸ. ಇಂಥ ಕಡತ ಕೈಗೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಮಾತು. ಏಲಕ್ಕಿ ಮಾರಿದ ಹಣದಿಂದ ಕೊಂಡದ್ದು ಎಂದಿರಿ. ಆ ಏಲಕ್ಕಿ ಹಿರಿಯರಿಂದ ಬಂದ ತೋಟದಲ್ಲಿ ಬೆಳೆದದ್ದೋ ಹೇಗೆ? ಸ್ವಯಾರ್ಜಿತ ಆಸ್ತಿಯನ್ನು ಮನುಷ್ಯ ತನಗೆ ಬೇಕಾದವರಿಗೆ ಪೂರ್ತಿಯಾಗಿ ಬರೆದುಕೊಡಬಹುದು. ಪಿತ್ರಾರ್ಜಿತದಲ್ಲಾದರೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಕಲಂ 30ರಂತೆ ತನ್ನ ಪಾಲಿನಷ್ಟನ್ನು ಮಾತ್ರ. ಕ್ರಯಪತ್ರ ಒಬ್ಬರ ಹೆಸರಿನಲ್ಲಿದ್ದರೂ, ಹಣ ಕುಟುಂಬದ ತೋಟದ ಆದಾಯದ್ದು, ಆದ್ದರಿಂದ ಇದೂ ಕುಟುಂಬದ ಆಸ್ತಿ ಎಂದು ವಾದ ಹೂಡುವವರಿರುತ್ತಾರೆ. ನಮ್ಮ ಜಿಲ್ಲೆಯ ತೋಟದ ವ್ಯಾಜ್ಯಗಳಲ್ಲಿ ಮಾಮೂಲಾಗಿ ಬರುವ ವಾದವಿದು. ಹಾಗಾಗಿ ಮೃತ್ಯುಪತ್ರ ಬರೆಸುವವರು ಆಸ್ತಿ ಹೇಗೆ ಬಂತು, ಹಣ ಎಲ್ಲಿಯದು ಎಂಬುದನ್ನು ಎರಡು ಸಾಲಿನಲ್ಲಿ ಬರೆಸಿಡಬೇಕು.

ನಿಮಗೀಗ ಇರುವ ದಾರಿ: ಉಳಿದ ಐವರೂ ಒಪ್ಪಿದರೆ ತಮ್ಮ ಪಾಲಿನ ಹಕ್ಕು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರವನ್ನು ಅಕ್ಕನ ಹೆಸರಿಗೆ ಬರೆದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಒಬ್ಬರು ಒಪ್ಪದಿದ್ದರೂ ಒಪ್ಪಿದವರ ಪಾಲು ಅಕ್ಕನಿಗೆ ಸೇರುತ್ತದೆ. ಇಲ್ಲವೇ ಎಲ್ಲ ಆಸ್ತಿಯನ್ನೂ ಒಟ್ಟಿಗೆ ಹಿಡಿದು ಹಿಸ್ಸೆ ಪತ್ರ ಮಾಡಿಕೊಳ್ಳಿ, ಮೇಲಿನ ತೋಟ ಅಕ್ಕನ ಪಾಲಿಗೆ ಬರುವಂತೆ ಹೊಂದಿಸಬಹುದು.

ಅಂಕೋಲಾ ಕಡೆಯವರು

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆದ್ದಾರಿ ಅಗಲ ಮಾಡಲು ನಮ್ಮ ಗದ್ದೆಯ ಹನ್ನೊಂದು ಗುಂಟೆ ಹೋಯಿತು. ಪರಿಹಾರಕ್ಕೆಂದು ಕಾಗದ ತೆಗೆದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ಹೋದದ್ದು 1974ರಲ್ಲಿ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿರಲಿಲ್ಲ, ಯಾರ ಪಾಲು ಎಲ್ಲಿ ಎಂಬುದಕ್ಕೂ ಕಾಗದವಿರಲಿಲ್ಲ. ವಂಶವೃಕ್ಷ ಬರೆಯಲು ಕೂತರೆ ಇಪ್ಪತ್ತೇಳು ವಾರಸುದಾರರು. ಒಬ್ಬರು ಮಂಗಳೂರು, ಮೂವರು ಮುಂಬಯಿ, ಒಬ್ಬ ಚಿಕ್ಕಮ್ಮನ ಮಗ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಅವರಲ್ಲಿ ಇಬ್ಬರು ತಕರಾರು ಅರ್ಜಿ ಕೊಟ್ಟರು, ಹಣ ಹಂಚುವ ಪ್ರಶ್ನೆ ನ್ಯಾಯಾಲಯಕ್ಕೆ ಹೋಯಿತು. ಆ ಹನ್ನೊಂದು ಗುಂಟೆಯಲ್ಲಿ ಭತ್ತ ಬೆಳೆದು ನಮ್ಮನ್ನು ಸಾಕಿದ ನನ್ನ ತಂದೆ ಒಂದು ರೂಪಾಯಿಯನ್ನೂ ಕಾಣದೆ ಹೋದರು. ಈಗ ಗದ್ದೆಯಿದ್ದ ಜಾಗದಲ್ಲಿ ಲಾರಿಗಳು ಓಡಾಡುತ್ತವೆ, ಹಣ ಅಲ್ಲೇ ಠೇವಣಿಯಲ್ಲಿದೆ.

ಆಸ್ತಿ ಚಿಕ್ಕದು, ನಮಗೇಕೆ ಮೃತ್ಯುಪತ್ರ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಚಿಕ್ಕ ಆಸ್ತಿಗೇ ಇದು ಹೆಚ್ಚು ಬೇಕು. ದೊಡ್ಡ ಆಸ್ತಿಯವರು ಇಪ್ಪತ್ತು ವರ್ಷ ವಕೀಲರನ್ನು ಇಟ್ಟುಕೊಳ್ಳಬಲ್ಲರು.

ಬೆಂಗಳೂರಿನ ತಮ್ಮ

ನಾನು ಹುಲೇಕಲ್‌ನವರ ತಮ್ಮನಲ್ಲ. ಆದರೆ ಅಂಥದೇ ಇನ್ನೊಂದು ಮನೆಯ ಕಿರಿಯ ಮಗ, ಊರು ಬಿಟ್ಟು ಇಪ್ಪತ್ತೆರಡು ವರ್ಷ. ಹೊರಗಿದ್ದವರ ಕಡೆಯಿಂದಲೂ ಒಂದು ಮಾತು ಹೇಳಬೇಕು.

ಅಪ್ಪ ಏನು ಹೇಳಿದರು ಎಂಬುದು ನಮಗೆ ಯಾವಾಗಲೂ ಇನ್ನೊಬ್ಬರ ಬಾಯಿಂದಲೇ ಬರುತ್ತದೆ. ಜಗುಲಿಯ ಮಾತನ್ನು ಕೇಳಲು ನಾವಲ್ಲಿ ಇರಲಿಲ್ಲ. ಚೌತಿಗೆ ಎರಡು ದಿನ, ದೀಪಾವಳಿಗೆ ಮೂರು ದಿನ ಬಂದು ಹೋಗುವವರು. ನನ್ನ ಅಣ್ಣ ಒಂದು ದಿನ ಫೋನು ಮಾಡಿ, "ಕಾಗದಕ್ಕೆ ನಿನ್ನ ಸಹಿ ಬೇಕು, ಬಂದಾಗ ಹಾಕಿ ಹೋಗು" ಎಂದ. ಯಾವ ಕಾಗದ ಎಂದು ಕೇಳಿದ್ದಕ್ಕೆ ಅವನಿಗೆ ನೋವಾಯಿತು. ಕೇಳಿದ್ದಕ್ಕೆ ನನಗೂ ನೋವಾಯಿತು. ನಾಲ್ಕು ವರ್ಷ ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಅಪ್ಪ ತಾವೇ ಬರೆದು ತಮ್ಮ ಸಹಿ ಹಾಕಿದ ಕಾಗದವಿದ್ದಿದ್ದರೆ, ನನಗೆ ಏನೂ ಇಲ್ಲ ಎಂದು ಅದರಲ್ಲಿದ್ದರೂ, ನಾನು ತಲೆಬಾಗುತ್ತಿದ್ದೆ. ಅಣ್ಣನ ಮಾತಿಗೆ ತಲೆಬಾಗಲು ಆಗಲಿಲ್ಲ.

ಹುಲೇಕಲ್‌ನವರೇ, ನಿಮ್ಮ ತಮ್ಮನಿಗೆ ಆ ಪುಸ್ತಕದ ಕೊನೆಯ ಹಾಳೆಯನ್ನು ತೋರಿಸಿದ್ದೀರಾ? ಮೊಬೈಲಿನಲ್ಲಿ ಚಿತ್ರ ಕಳಿಸುವುದು ಸಾಲದು. ಪುಸ್ತಕವನ್ನು ಕೈಗೆ ಕೊಡಿ.

ಹುಲೇಕಲ್ ತೋಟಿಗ

ಚಿತ್ರ ಮಾತ್ರ ಕಳಿಸಿದ್ದೆ. ನೀವು ಹೇಳಿದ್ದು ಮನಸ್ಸಿಗೆ ನಾಟಿತು.

ವಕೀಲರೇ, ಅಪ್ಪಯ್ಯ ಸುತ್ತಲಿನ ಹಳ್ಳಿಗಳಿಂದ ಏಲಕ್ಕಿ ಕೊಂಡು ಶಿರಸಿ ಪೇಟೆಯಲ್ಲಿ ಮಾರುತ್ತಿದ್ದರು, ವ್ಯಾಪಾರದ ಹಣ. ಆದರೆ ಅದಕ್ಕೊಂದು ಚೀಟಿಯೂ ಇಲ್ಲ.

ಸಿದ್ದಾಪುರ ಸೊಸೆ

ಎಲ್ಲರೂ ಗಂಡಸರ ಮೃತ್ಯುಪತ್ರದ ಬಗ್ಗೆಯೇ ಬರೆಯುತ್ತಿದ್ದೀರಿ. ಹೆಂಗಸರು ಬರೆಯದಿದ್ದರೆ ಏನಾಗುತ್ತದೆ ಎಂಬುದು ಎಷ್ಟು ಮನೆಗಳಲ್ಲಿ ಗೊತ್ತಿದೆ?

ಹಿಂದೂ ಗಂಡಸು ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮನಾಗಿ ಹೋಗುತ್ತದೆ. ಹೆಂಗಸಿಗೆ ಬೇರೆಯೇ ನಿಯಮ, ಅದೇ 1956ರ ಅಧಿನಿಯಮದ ಕಲಂ 15. ಮೊದಲು ಗಂಡ ಮತ್ತು ಮಕ್ಕಳು. ಅವರಾರೂ ಇಲ್ಲದಿದ್ದರೆ ಗಂಡನ ವಾರಸುದಾರರು. ಹೆತ್ತ ತಾಯಿತಂದೆಯ ಸರದಿ ಬರುವುದು ಅದರ ನಂತರ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ಕಡೆಗೆ ಮರಳುತ್ತದೆ. ತಾನೇ ದುಡಿದು ಗಳಿಸಿದ್ದಕ್ಕೆ ಆ ರಕ್ಷಣೆ ಇಲ್ಲ.

ನಾರಾಯಣಿ ದೇವಿ ಎಂಬವರ ಪ್ರಕರಣ ಓದಿದ ದಿನದಿಂದ ನನಗೆ ಮರೆಯಲು ಆಗಿಲ್ಲ. 1955ರಲ್ಲಿ ಮದುವೆ, ಮೂರೇ ತಿಂಗಳಲ್ಲಿ ಗಂಡ ತೀರಿಕೊಂಡ. ಗಂಡನ ಮನೆಯವರು ಹೊರಗಟ್ಟಿದರು. ತವರಿನವರು ಓದಿಸಿದರು, ನೌಕರಿ ಸೇರಿದರು, ಉಳಿತಾಯ ಮಾಡಿದರು. 1996ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಉಳಿತಾಯವೆಲ್ಲ ಗಂಡನ ಕಡೆಯವರಿಗೇ ಸೇರುತ್ತದೆ ಎಂದು ತೀರ್ಪು ಕೊಟ್ಟಿತು. ಕಾನೂನಿನಲ್ಲಿ ಇದ್ದದ್ದು ಹಾಗೆ, ಕನಿಕರದಿಂದ ಅದನ್ನು ಬದಲಿಸಲು ಆಗದು ಎಂದಿತು. ಹೊರಗಟ್ಟಿದ ಮನೆಗೇ ಅವರ ದುಡಿಮೆ ಹೋಯಿತು!

ನನಗೆ ಮಕ್ಕಳಿಲ್ಲ. ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ್ದೇನೆ. ನನ್ನ ಗಂಡ ಒಳ್ಳೆಯವರು, ಅವರಿಗೆ ಎಷ್ಟು, ನನ್ನ ತಾಯಿಯನ್ನು ನೋಡಿಕೊಳ್ಳುತ್ತಿರುವ ತಂಗಿಗೆ ಎಷ್ಟು ಎಂದು ಬರೆದಿದ್ದೇನೆ. ನನ್ನ ಎರಡೆಳೆಯ ಸರ ಯಾರಿಗೆ ಎಂಬುದನ್ನೂ ಬರೆದಿದ್ದೇನೆ. ಬರೆಯುವ ದಿನ ಮನಸ್ಸು ಭಾರವಾಗಿತ್ತು. ಸಹಿಯಾದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹುಲೇಕಲ್ ಅಣ್ಣ, ತೋಟ ಅಕ್ಕನ ಹೆಸರಿಗೆ ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ಅಕ್ಕನೂ ಬರೆಯಬೇಕು. ಅವಳ ನಂತರ ಅದು ಯಾರಿಗೆ ಎಂಬುದನ್ನು ಅವಳೇ ಹೇಳಬೇಕು.

ಶಿರಸಿ ಪೇಟೆಯವನು

ಮೃತ್ಯುಪತ್ರವೇ ಪರಿಹಾರ ಎಂಬಂತೆ ಮಾತು ಸಾಗಿದೆ. ನಮ್ಮ ಮನೆ ಮುರಿದದ್ದೇ ಮೃತ್ಯುಪತ್ರದಿಂದ.

ತಂದೆಯವರು ಕೊನೆಯ ಬಾರಿ ಆಸ್ಪತ್ರೆ ಸೇರಿದ್ದಾಗ, ನಮ್ಮನ್ನು ಗುರುತಿಸುವುದೂ ಕಷ್ಟವಾಗಿದ್ದ ವಾರದಲ್ಲಿ, ಅವರಿಂದ ಹೆಬ್ಬೆಟ್ಟು ಹಾಕಿಸಲಾಯಿತು. ಐವತ್ತು ವರ್ಷ ಅಂಗಡಿಯ ಲೆಕ್ಕ ಬರೆದ ಕೈ ಅದು, ಎಂದೂ ಹೆಬ್ಬೆಟ್ಟು ಒತ್ತಿದ ಕೈಯಲ್ಲ. ಸಾಕ್ಷಿಗಳಿಬ್ಬರೂ ನನ್ನ ಅಣ್ಣನ ಸ್ನೇಹಿತರು. ಅಂಗಡಿ, ಮನೆ, ಎರಡು ಎಕರೆ ತೋಟ ಎಲ್ಲ ಅಣ್ಣನಿಗೆ. ತಾಯಿಗೆ "ಊಟ, ಬಟ್ಟೆ" ಎಂದಷ್ಟೇ ಇತ್ತು. 2016ರಿಂದ ದಾವೆ ನಡೆಯುತ್ತಿದೆ. ತಾಯಿ ಅದರ ನಡುವೆಯೇ ಹೋದರು. ಅವರ ಶ್ರಾದ್ಧವನ್ನು ಈಗ ಎರಡು ಮನೆಗಳಲ್ಲಿ ಎರಡು ಸಲ ಮಾಡುತ್ತೇವೆ.

ಕುಮಟಾ ವಕೀಲ

ಶಿರಸಿಯವರೇ, ನಡೆಯುತ್ತಿರುವ ದಾವೆಯ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಡಿ, ನಿಮ್ಮ ವಕೀಲರನ್ನು ಕೇಳಿಕೊಳ್ಳಿ. ಆದರೆ ನೀವು ಹೇಳಿದ ಸಂಗತಿಗಳಿಗೆ ಕಾನೂನಿನಲ್ಲಿ ಬೆಲೆಯಿದೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಎಂಬುವರ ನಡುವಿನ ಪ್ರಕರಣ ನಮ್ಮ ಮೈಸೂರು ಸೀಮೆಯದೇ, ಸುಪ್ರೀಂ ಕೋರ್ಟಿನ ತೀರ್ಪು 1959ರ ವರದಿಗಳಲ್ಲಿದೆ. ಮೃತ್ಯುಪತ್ರದ ಬಗ್ಗೆ ಇಂದಿಗೂ ಎಲ್ಲ ನ್ಯಾಯಾಲಯಗಳು ಅದನ್ನೇ ಓದುತ್ತವೆ. ಸಂಶಯ ಹುಟ್ಟಿಸುವ ಸನ್ನಿವೇಶವಿದ್ದರೆ, ಮುಖ್ಯವಾಗಿ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ, ಆ ಸಂಶಯವನ್ನು ನಿವಾರಿಸುವ ಹೊಣೆ ಅವನದೇ. ನೋಂದಣಿಯಾಗಿದೆ ಎಂಬ ಒಂದೇ ಕಾರಣಕ್ಕೆ ಸಂಶಯ ಹೋಗುವುದಿಲ್ಲ.

ಇದರಿಂದ ಉಳಿದವರು ತಿಳಿಯಬೇಕಾದದ್ದು, ಗಟ್ಟಿಯಾಗಿರುವಾಗಲೇ ಬರೆಸಬೇಕು. ಆಸ್ಪತ್ರೆಯ ಹಾಸಿಗೆಯವರೆಗೆ ತಳ್ಳಬಾರದು. ಇಳಿವಯಸ್ಸಿನವರಾದರೆ, ಬುದ್ಧಿ ಸ್ವಾಧೀನದಲ್ಲಿದೆ ಎಂದು ತಮ್ಮನ್ನು ಬಲ್ಲ ವೈದ್ಯರಿಂದ ಅದೇ ದಿನದ ಪ್ರಮಾಣಪತ್ರ ಪಡೆಯುವುದು ಒಳ್ಳೆಯದು, ಕಡ್ಡಾಯವಲ್ಲ. ಒಬ್ಬ ಮಗನಿಗೆ ಕಡಿಮೆ ಕೊಟ್ಟರೆ ಏಕೆ ಎಂದು ಬರೆಯಿರಿ. "ಅವನ ಓದಿಗೆ ತೋಟ ಅಡವಿಟ್ಟು ಕೊಟ್ಟಿದ್ದೇನೆ" ಎಂಬ ಒಂದು ಸಾಲು ಇದ್ದರೆ ನ್ಯಾಯಾಧೀಶರಿಗೂ ಅರ್ಥವಾಗುತ್ತದೆ, ಆ ಮಗನಿಗೂ ಅರ್ಥವಾಗುತ್ತದೆ. ಪ್ರತಿ ಹಾಳೆಗೂ ಸಹಿ ಹಾಕಿ. ತಿದ್ದಿದ ಕಡೆ ಸಾಕ್ಷಿಗಳ ಸಹಿಯೂ ಇರಲಿ.

ಸಾಕ್ಷಿಗಳನ್ನು ಆರಿಸುವಾಗ ಜನ ಹಿರಿಯರನ್ನು ಹುಡುಕುತ್ತಾರೆ, ಗೌರವದ ಕಾರಣಕ್ಕೆ. ನಾನು ಕಿರಿಯರನ್ನು ಹುಡುಕಿ ಎನ್ನುತ್ತೇನೆ. ನಾಳೆ ತಕರಾರಾದರೆ ಒಬ್ಬ ಸಾಕ್ಷಿಯಾದರೂ ಕಟಕಟೆಯಲ್ಲಿ ನಿಂತು ಹೇಳಬೇಕು. ಎಂಬತ್ತರ ಅಜ್ಜ ಬರೆಸಿದ್ದಕ್ಕೆ ಎಂಬತ್ತೆರಡರ ಇನ್ನಿಬ್ಬರು ಸಾಕ್ಷಿ ಹಾಕಿದ ಪತ್ರ ನನ್ನ ಕಪಾಟಿನಲ್ಲೇ ಇದೆ. ಮೂವರೂ ಈಗಿಲ್ಲ. ಈಗ ಹಳೆಯ ಬ್ಯಾಂಕ್ ಕಾಗದಗಳಲ್ಲಿ ಆ ಸಾಕ್ಷಿಗಳ ಸಹಿ ಹುಡುಕಿ ಹೋಲಿಸಿ ಸಾಬೀತು ಮಾಡಬೇಕಾಗಿದೆ.

ಯಲ್ಲಾಪುರ ಘಟ್ಟ

ಒಂದು ಸಂದೇಹ. ನಮಗೆ ತೋಟ ಒಂದೂವರೆ ಎಕರೆ, ಅದಕ್ಕೆ ಸೊಪ್ಪು ತರುವ ಬೆಟ್ಟ ಇದೆ. ಜೊತೆಗೆ ತಂದೆಯ ಕಾಲದಿಂದ ಸಾಗುವಳಿ ಮಾಡುತ್ತಿರುವ ಅತಿಕ್ರಮಣದ ಜಾಗ ಮುಕ್ಕಾಲು ಎಕರೆ. ಇವನ್ನು ಮೃತ್ಯುಪತ್ರದಲ್ಲಿ ಬರೆಯಬಹುದೇ?

ಕಂದಾಯ ನಿವೃತ್ತ

ನಮ್ಮ ಜಿಲ್ಲೆಯವರು ಮಾತ್ರ ಕೇಳುವ ಪ್ರಶ್ನೆ ಇದು, ಸರಿಯಾಗಿಯೇ ಕೇಳಿದ್ದೀರಿ.

ಬೆಟ್ಟದ ಮೇಲೆ ನಿಮಗಿರುವುದು ಸವಲತ್ತು, ಮಾಲೀಕತ್ವವಲ್ಲ. ಸೊಪ್ಪು, ದರಕು, ಕರಡ ತರುವ ಹಕ್ಕು ತೋಟದ ಜೊತೆಗೇ ಸಾಗುತ್ತದೆ. ತನ್ನದಲ್ಲದ ಭೂಮಿಯನ್ನು ಯಾರೂ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಆದ್ದರಿಂದ "ನನ್ನ ಮಾಲೀಕತ್ವದ ಬೆಟ್ಟ" ಎಂದು ಬರೆಸಬೇಡಿ. ಆದರೆ ತೋಟ ಇಬ್ಬರು ಮಕ್ಕಳಿಗೆ ಹಂಚಿಹೋಗುವುದಾದರೆ, ಯಾವ ತುಂಡಿನವರು ಬೆಟ್ಟದ ಯಾವ ಕಡೆಯಿಂದ ಸೊಪ್ಪು ತರಬೇಕು, ದಾರಿ ಎಲ್ಲಿ, ನೀರಿನ ಕಾಲುವೆ ಸರದಿ ಹೇಗೆ ಎಂದು ಬರೆದಿಡಿ. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಣ್ಣತಮ್ಮಂದಿರು ತೋಟಕ್ಕೆ ಜಗಳವಾಡಿದ್ದಕ್ಕಿಂತ ತೋಟದ ದಾರಿಗೆ, ನೀರಿಗೆ ಜಗಳವಾಡಿದ್ದನ್ನು ಹೆಚ್ಚು ಕಂಡಿದ್ದೇನೆ.

ಅತಿಕ್ರಮಣದ ಜಾಗದ ವಿಷಯವೂ ಅದೇ, ಹಕ್ಕುಪತ್ರವಿಲ್ಲದೆ ಅದು ನಿಮ್ಮ ಆಸ್ತಿಯಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಡಿ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿ, ಸ್ವೀಕೃತಿ, ಜಿಪಿಎಸ್ ನಕ್ಷೆ, ಹಳೆಯ ದಂಡದ ರಸೀದಿ ಎಲ್ಲವನ್ನೂ ಒಂದು ಕಡತದಲ್ಲಿಟ್ಟು ಅದು ಎಲ್ಲಿದೆ ಎಂದು ಮನೆಯವರಿಗೆ ತಿಳಿಸಿ. ಹಕ್ಕುಪತ್ರ ಬಂದರೆ ಅದು ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಇರುತ್ತದೆ. ವಾರಸುದಾರರಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ.

ಸರ್ವೆ ನಂಬರ್, ಹಿಸ್ಸಾ ನಂಬರ್, ಎಕರೆ, ಗುಂಟೆ, ಆಣೆ ಮತ್ತು ನಾಲ್ಕು ಗಡಿಗಳನ್ನು ಇತ್ತೀಚಿನ ಪಹಣಿ ನೋಡಿಯೇ ಬರೆಸಿ. "ಹೊಳೆಬದಿಯ ತೋಟ" ಎಂದರೆ ನಿಮಗೆ ಗೊತ್ತು, ಕಚೇರಿಯಲ್ಲಿ ಕೂತವರಿಗೆ ಗೊತ್ತಿಲ್ಲ. ಮತ್ತೆ, ಮೃತ್ಯುಪತ್ರ ಇದ್ದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ತಾನಾಗಿ ಬದಲಾಗದು. ಮರಣ ಪ್ರಮಾಣಪತ್ರದ ಜೊತೆ ಅರ್ಜಿ ಕೊಡಬೇಕು, ಯಾರಾದರೂ ತಕರಾರು ಎತ್ತಿದರೆ ಹಕ್ಕು ಯಾರದೆಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯವೇ.

ಬೈತಖೋಲ ಮನೆಮಗಳು

ನಮ್ಮಲ್ಲಿ ತೋಟವಿಲ್ಲ, ಪಹಣಿಯೂ ಇಲ್ಲ. ಅಪ್ಪನಿಗೆ ಇದ್ದದ್ದು ಒಂದು ಬೋಟಿನಲ್ಲಿ ಅರ್ಧ ಪಾಲು, ಬಲೆ, ಒಂದಷ್ಟು ಸಾಲ. ಬೋಟು ಪಾಲುದಾರರ ಹೆಸರಿನಲ್ಲಿ ನೋಂದಣಿಯಾಗಿತ್ತು. ಇಬ್ಬರೂ ಚಿಕ್ಕಂದಿನಿಂದ ಒಂದೇ ದೋಣಿಯಲ್ಲಿ ಬೆಳೆದವರು, ಅವರ ನಡುವೆ ಕಾಗದ ಬೇಕಿರಲಿಲ್ಲ. ಅಪ್ಪ ಹೃದಯಾಘಾತದಿಂದ ಹೋದ ಮೂರು ತಿಂಗಳಿಗೆ ಆ ಕಾಕಾ ಕೂಡ ಹೋದರು. ಅವರಿದ್ದಿದ್ದರೆ ನಮಗೆ ಅನ್ಯಾಯ ಮಾಡುತ್ತಿರಲಿಲ್ಲ. ಅವರ ಮಕ್ಕಳಿಗೆ ನಮ್ಮ ಪಾಲಿನ ವಿಷಯವೇ ತಿಳಿದಿರಲಿಲ್ಲ, ಅವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳಲಾರೆ. ಅಮ್ಮ ಈಗ ಬೇರೆಯವರ ಮೀನನ್ನು ಬುಟ್ಟಿಯಲ್ಲಿಟ್ಟು ಮಾರುತ್ತಾಳೆ.

ಅಪ್ಪ ಯಾರಿಗೆ ಎಷ್ಟು ಕೊಡಬೇಕಿತ್ತು ಎಂಬುದು ಮಾತ್ರ ನಮಗೆ ಬೇಗ ತಿಳಿಯಿತು, ಕೊಡಬೇಕಾದವರೆಲ್ಲ ಮನೆಗೆ ಬಂದರು. ಯಾರಿಂದ ಬರಬೇಕಿತ್ತು ಎಂಬುದು ಇಂದಿಗೂ ತಿಳಿದಿಲ್ಲ. ಮೃತ್ಯುಪತ್ರ ದೊಡ್ಡ ಮಾತಾಯಿತು. ಬರಬೇಕಾದದ್ದು ಇಷ್ಟು, ಕೊಡಬೇಕಾದದ್ದು ಇಷ್ಟು, ವಿಮೆಯ ಕಾಗದ ಇಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೂ ಸಾಕಿತ್ತು. ಕಡಲಿಗೆ ಹೋಗುವ ಅಣ್ಣಂದಿರೇ, ಅಷ್ಟನ್ನಾದರೂ ಮಾಡಿ. ಕಡಲಲ್ಲಿ ಕಾಣೆಯಾದವರ ಹೆಣ ಸಿಗದಿದ್ದರೆ ಕಾನೂನು ಸತ್ತರೆಂದು ಭಾವಿಸಲು ಏಳು ವರ್ಷ ಕಾಯಿಸಬಹುದು. ಅಷ್ಟು ವರ್ಷ ಮನೆಯವರು ಏನನ್ನು ಹಿಡಿದು ಬದುಕಬೇಕು?

ಭಟ್ಕಳ ಓದುಗ

ತಂಗಿ, ನಿಮ್ಮ ಮಾತು ನಿಜ. ನಮ್ಮಲ್ಲಿ ಸಾಲದ ಲೆಕ್ಕ ಬರೆದಿಡುವುದಕ್ಕೆ ಬಹಳ ಮಹತ್ವವಿದೆ. ಮೊದಲು ಅಂತ್ಯಕ್ರಿಯೆಯ ಖರ್ಚು, ಸಾಲ ತೀರಬೇಕು, ಆಮೇಲೆ ವಸಿಯ್ಯತ್ (ನಮ್ಮಲ್ಲಿ ಮೃತ್ಯುಪತ್ರಕ್ಕೆ ಹೇಳುವ ಹೆಸರು), ಆಮೇಲೆ ವಾರಸುದಾರರ ಪಾಲು.

ಮುಸ್ಲಿಮರು ಮೇಲಿನ ವಕೀಲರ ಮಾತನ್ನು ಹಾಗೆಯೇ ತೆಗೆದುಕೊಳ್ಳಬಾರದು. ಸಾಲ ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ವಸಿಯ್ಯತ್ ಮಾಡಬಹುದು. ಅದನ್ನೂ ವಾರಸುದಾರನೊಬ್ಬನಿಗೇ ಕೊಟ್ಟರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಬಾಯಿಮಾತಿನ ವಸಿಯ್ಯತ್ ಕೂಡ ಸಲ್ಲುತ್ತದೆ, ಆದರೆ ಸಾಬೀತು ಮಾಡುವುದು ಕಷ್ಟ, ಬರೆಯುವುದೇ ಲೇಸು. ನನ್ನ ತಂದೆ ಆ ಮೂರನೇ ಭಾಗದಿಂದ, ಮೊದಲೇ ತೀರಿಹೋದ ತನ್ನ ಮಗನ ಮಕ್ಕಳಿಗೆ ಬರೆದಿದ್ದರು. ಚಿಕ್ಕಪ್ಪಂದಿರು ಬದುಕಿರುವಾಗ ಆ ಮೊಮ್ಮಕ್ಕಳಿಗೆ ಬೇರೆ ದಾರಿಯಿಂದ ಏನೂ ಸಿಗುತ್ತಿರಲಿಲ್ಲ. ಅವರಿಬ್ಬರೂ ಇಂದು ಓದಿ ನೌಕರಿಯಲ್ಲಿದ್ದಾರೆ.

ಹೊನ್ನಾವರ ತೀರ

ನಾವು ಕ್ರಿಶ್ಚಿಯನ್ನರು ಎರಡು ಸಂಗತಿ ನೆನಪಿಡಬೇಕು. ನಮಗೆ ಮದುವೆಯಾದ ಕೂಡಲೇ ಹಿಂದೆ ಬರೆದ ಮೃತ್ಯುಪತ್ರ ರದ್ದಾಗುತ್ತದೆ, ಮತ್ತೆ ಬರೆಯಬೇಕು. ಹಾಗೆಯೇ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಇಲ್ಲವೇ ಹೆಂಡತಿಗೆ ಬರೆದುಕೊಟ್ಟದ್ದು ಅವರಿಗೆ ಸಲ್ಲುವುದಿಲ್ಲ. ಈ ಎರಡೂ ಹಿಂದೂಗಳಿಗೆ ಅನ್ವಯಿಸುವುದಿಲ್ಲ ಎಂದು ನಮ್ಮ ವಕೀಲರು ಹೇಳಿದರು. ನನ್ನ ತಂದೆಯ ತಮ್ಮ ಇಳಿವಯಸ್ಸಿನಲ್ಲಿ ಮರುಮದುವೆಯಾಗಿ ಹೊಸದನ್ನು ಬರೆಯಲಿಲ್ಲ. ಹಳೆಯ ಪತ್ರ ಕಪಾಟಿನಲ್ಲಿ ಭದ್ರವಾಗಿಯೇ ಇತ್ತು, ಉಪಯೋಗಕ್ಕೆ ಬರಲಿಲ್ಲ.

ಯಲ್ಲಾಪುರ ಘಟ್ಟ

ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇವೆ, ಅದು ಸಾಲದೇ?

ಕುಮಟಾ ವಕೀಲ

ಸಾಲದು. ನಾಮಿನಿ ಹಣ ಪಡೆಯುವವರು, ಹಣದ ಒಡೆಯರೆಂದು ಅರ್ಥವಲ್ಲ. ಠೇವಣಿಯಾಗಲಿ ಷೇರಾಗಲಿ, ವಾರಸುದಾರರು ಕೇಳಿದರೆ ಅವರ ಪಾಲು ಕೊಡಬೇಕು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಖಚಿತಪಡಿಸಿತು. ನಾಮಿನಿ ಮಾಡುವುದು ಬೇಕು, ಇಲ್ಲದಿದ್ದರೆ ಹಣ ಕೈಗೆ ಬರುವುದೇ ತಡವಾಗುತ್ತದೆ. ಈಗ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು. ಮೃತ್ಯುಪತ್ರದಲ್ಲೂ ಅದೇ ಹೆಸರುಗಳಿದ್ದರೆ ಗೊಂದಲವಿಲ್ಲ.

ಇನ್ನೊಬ್ಬರು ಖಾಸಗಿಯಾಗಿ ಕೇಳಿದ್ದರು: ನೋಂದಾಯಿಸಿದರೆ ಮಕ್ಕಳಿಗೆ ಗೊತ್ತಾಗುವುದಿಲ್ಲವೇ? ಇಲ್ಲ. ಬರೆಸಿದವರು ಬದುಕಿರುವವರೆಗೆ ನಕಲು ಅವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಮಾತ್ರ ಸಿಗುತ್ತದೆ. ನಡೆಯಲಾಗದವರಾದರೆ ವಿಶೇಷ ಕಾರಣ ತೋರಿಸಿ ಅಧಿಕಾರಿ ಮನೆಗೇ ಬರುವಂತೆ ಅರ್ಜಿ ಕೊಡಬಹುದು. ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ದಾನಪತ್ರ ಹಾಗಲ್ಲ, ಕೊಟ್ಟರೆ ಕೈಬಿಟ್ಟಂತೆ. ಕೊನೆಯವರೆಗೆ ನೋಡಿಕೊಳ್ಳುತ್ತಾನೆ ಎಂದು ಮಗನಿಗೆ ದಾನಪತ್ರ ಮಾಡಿ, ಈಗ ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಕೂತ ತಾಯಂದಿರನ್ನು ನೋಡಿದ್ದೇನೆ. ಕೊಡಲೇಬೇಕೆಂದಿದ್ದರೆ ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 23 ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

ಹುಲೇಕಲ್ ತೋಟಿಗ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಕೆಲವರು ಏನಾಯಿತೆಂದು ಕೇಳಿದ್ದಿರಿ.

ತಮ್ಮ ಬಂದಿದ್ದ. ಊಟವಾದ ಮೇಲೆ ಲೆಕ್ಕದ ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಅವನು ಕೊನೆಯ ಹಾಳೆಗೆ ಹೋಗಲಿಲ್ಲ, ಮೊದಲಿನಿಂದ ಒಂದೊಂದೇ ಹಾಳೆ ಮಗುಚುತ್ತ ಕೂತ. ನಡುವೆ ಒಂದು ಕಡೆ ಅವನ ಕಾಲೇಜಿನ ಶುಲ್ಕಕ್ಕೆಂದು ಸೊಸೈಟಿಯಲ್ಲಿ ತೆಗೆದ ಮುಂಗಡ, ಅದರ ಕೆಳಗೆ ಅಕ್ಕನ ಬಳೆಯ ತೂಕ, ಪಕ್ಕದಲ್ಲಿ "ಬಿಡಿಸಿಕೊಡಬೇಕು" ಎಂದಿತ್ತು. ಬಳೆ ಅಡವಿಟ್ಟದ್ದು ನನಗೂ ಗೊತ್ತಿರಲಿಲ್ಲ. ತಮ್ಮ ಪುಸ್ತಕ ಮುಚ್ಚಿ, ಯೋಚಿಸಲು ಸ್ವಲ್ಪ ಸಮಯ ಬೇಕು ಎಂದ. ತಂಗಿಯರಿಬ್ಬರು, ಆಯಿ ಮತ್ತು ನಾನು ಹಕ್ಕು ಖುಲಾಸೆಗೆ ಸಹಿ ಮಾಡಿದ್ದೇವೆ. ಅವನದು ಇನ್ನೂ ಆಗಿಲ್ಲ. ಒತ್ತಾಯ ಮಾಡುವುದಿಲ್ಲ. ಹೋಗುವಾಗ ಕೊಳೆ ಔಷಧಿಯ ಖರ್ಚನ್ನು ಅಕ್ಕನ ಕೈಗೆ ಕೊಟ್ಟು ಹೋದ.

ಆಯಿ ತನ್ನ ಮೃತ್ಯುಪತ್ರವನ್ನು ಹೋದ ಬುಧವಾರ ಮಾಡಿಸಿದಳು. ಎಂಬತ್ತೊಂದು ವರ್ಷ. ಸಾಕ್ಷಿಗೆ ನಮ್ಮೂರಿನ ಮೂವತ್ತರ ಆಸುಪಾಸಿನ ಇಬ್ಬರು ಹುಡುಗರನ್ನು ಕರೆದುಕೊಂಡು ಹೋದೆವು. ಏನು ಬರೆಸುತ್ತಾಳೆಂದು ನಮಗೆ ಕೇಳಿಸಬಾರದೆಂದು ನಾನು, ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಅಧಿಕಾರಿ ಒಮ್ಮೆ ಓದಿ ಹೇಳಿದರಂತೆ. ಆಯಿ, "ಇನ್ನೊಂದು ಸಲ ನಿಧಾನವಾಗಿ ಓದಿ, ನನಗೆ ಕಿವಿ ಸ್ವಲ್ಪ ಮಂದ" ಎಂದಳಂತೆ. ಅವಳ ಕಿವಿಗೆ ಏನೂ ಆಗಿಲ್ಲ. ಸಹಿ ಹಾಕುವಾಗ ಹೆಸರಿನ ಮುಂದೆ ಅಪ್ಪಯ್ಯನ ಹೆಸರನ್ನೂ ಪೂರ್ತಿಯಾಗಿ ಬರೆದಳಂತೆ, ಜಾಗ ಸಾಲದೆ ಗೆರೆಯ ಆಚೆ ಹೋಯಿತು.

ಸಿದ್ದಾಪುರದ ತಂಗಿ, ನಿಮ್ಮ ಮಾತನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಆಗ ಏನೂ ಹೇಳಲಿಲ್ಲ. ನಿನ್ನೆ ಸಂಜೆ, ದೀಪ ಹಚ್ಚಿ ಬಂದು, ಆಯಿಯ ಎದುರಿಗೇ ಕೇಳಿದಳು: "ಆ ಹುಡುಗರಿಬ್ಬರೂ ನನಗೂ ಸಾಕ್ಷಿ ಹಾಕುತ್ತಾರಾ?"

ಆಯಿ ಈ ಸಲ ತಡೆಯಲಿಲ್ಲ.